ಕೈಯ ಹಿಂಬದಿ

ಹರಿಕತೆ, ಪ್ರವಚನಗಳಲ್ಲಿ ಚರ್ಮಕ್ಕೆ ಬಿದ್ದಷ್ಟು ಬೈಗುಳ ಬೇರೆ ಯಾವ ಅಂಗಕ್ಕೂ ಬಿದ್ದಿಲ್ಲ. ಹೃದಯವೆಂದರೆ ದೇವರ ಗುಡಿ, ನಾಲಗೆ ಇರುವುದು ನಾಮಸ್ಮರಣೆಗೆ, ಕೈ ಇರುವುದು ಪೂಜೆಗೆ. ಚರ್ಮ ಮಾತ್ರ ಮೂಳೆ ಮಾಂಸ ಮಲಮೂತ್ರಗಳನ್ನು ಮುಚ್ಚಿಟ್ಟ ಚೀಲ, ಕಣ್ಣಿಗೆ ಮಾಡಿದ ಮೋಸ. ಕೆಲವು ವರ್ಷಗಳ ಹಿಂದೆ ವಿರಾಜಪೇಟೆಯಲ್ಲಿ ನವರಾತ್ರಿಯ ಹೊತ್ತಿಗೆ ಒಬ್ಬ ಸ್ವಾಮಿಗಳು ಇದನ್ನೇ ಬಹಳ ಹೊತ್ತು ಹೇಳಿದರು. ಚೆನ್ನಾಗಿಯೇ ಹೇಳಿದರು. ನಾನು ಮುಂದಿನ ಸಾಲಿನಲ್ಲಿ ಕೂತು ಅವರ ಮೊಣಕೈ ನೋಡುತ್ತಿದ್ದೆ. ಕೈ ಎತ್ತಿದಾಗಲೆಲ್ಲ ಶಲ್ಯ ಜಾರಿ, ಎರಡೂ ಮೊಣಕೈಗಳ ಮೇಲೆ ಅಂಚು ಸ್ಪಷ್ಟವಾಗಿದ್ದ ದಪ್ಪ ಕಲೆ, ಅದರ ಮೇಲೆ ಬೆಳ್ಳಿ ಬಣ್ಣದ ಹೊಟ್ಟು ಕಾಣುತ್ತಿತ್ತು. ಸೋರಿಯಾಸಿಸ್. ಚರ್ಮದ ಮೇಲ್ಪದರದ ಜೀವಕೋಶ ಬುಡದಲ್ಲಿ ಹುಟ್ಟಿ, ಮೇಲೇರಿ, ಸತ್ತು ಉದುರಲು ಸುಮಾರು ನಾಲ್ಕು ವಾರ ಬೇಕು. ಈ ಕಾಯಿಲೆಯಲ್ಲಿ ಅಷ್ಟೂ ಕೆಲಸ ನಾಲ್ಕೈದು ದಿನದಲ್ಲಿ ಮುಗಿದುಹೋಗುತ್ತದೆ. ಇದು ಸೋಂಕಲ್ಲ, ಯಾರಿಗೂ ಅಂಟುವುದಿಲ್ಲ. ಆದರೂ ಪ್ರಸಾದ ಕೊಡುವಾಗ ಅವರು ಶಲ್ಯವನ್ನು ಮಣಿಕಟ್ಟಿನ ತನಕ ಎಳೆದುಕೊಂಡರು. ಚರ್ಮವನ್ನು ಬೈಯುವ ಹಕ್ಕು ಆ ಸಭೆಯಲ್ಲಿ ಅವರಿಗೇ ಹೆಚ್ಚು ಇತ್ತು ಅನ್ನಿಸಿತು.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಮದುವೆಯಾಗಿ ಬಂದ ಊರು ಬಿಟ್ಟಂಗಾಲ. ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ರಸ್ತೆಯ ಆಚೀಚೆ ಕಾಫಿ ತೋಟ, ಗದ್ದೆ, ತೋಟದ ಒಳಗೆ ಕೂಲಿಯವರ ಲೈನ್ ಮನೆಗಳು. ನರ್ಸಿಂಗ್ ಓದುವ ಮಕ್ಕಳು ಹಳ್ಳಿ ಪೋಸ್ಟಿಂಗಿಗೆ ಬಂದರೆ ಈಗಲೂ ಅವರ ಜೊತೆ ಹೋಗುತ್ತೇನೆ; ಹಾಸಿಗೆ ಹಿಡಿದವರ ಮನೆಯಿಂದ ಕರೆ ಬಂದರೂ ಹೋಗುತ್ತೇನೆ. ಜನ ಸಿಸ್ಟರಕ್ಕ ಅನ್ನುತ್ತಾರೆ. ವೇದಾಂತ ಓದಿಕೊಂಡವಳಲ್ಲ. ಓದಿಕೊಂಡವರು ಪಕ್ಕದ ಮನೆಯಲ್ಲೇ ಇದ್ದಾರೆ: ನಿವೃತ್ತ ಮೇಷ್ಟ್ರು. ಅವರ ಹೆಂಡತಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿದೆ. ಆಕೆಯ ಮೈ ಒರೆಸಿ, ಬೆನ್ನು ನೋಡಿ, ಮಗ್ಗುಲು ಬದಲಿಸಲು ಹೋದಾಗ ಮೇಷ್ಟ್ರು ಕಾಫಿ ಕೊಟ್ಟು ವಾದಕ್ಕೆ ಕೂರುತ್ತಾರೆ. ವಾದ ಒಂದೇ. ಒಬ್ಬ ಮನುಷ್ಯನನ್ನು ತಿಳಿಯಬೇಕಾದರೆ ಅವನ ಚರ್ಮವನ್ನು ದಾಟಿ ಒಳಗೆ ಹೋಗಬೇಕೋ, ಅಥವಾ ಚರ್ಮದ ಹತ್ತಿರವೇ ನಿಲ್ಲಬೇಕೋ?

ಮೇಷ್ಟ್ರು ದಾಟುವ ಪಕ್ಷ. ಕಪ್ಪು ಬಿಳುಪು, ಮೇಲು ಕೀಳು, ಚಂದ ಕುರೂಪ ಎಲ್ಲ ಮೇಲಿನದು. ಒಳಗಿರುವ ವಸ್ತು ಒಂದೇ. ಹೊರಗಿನದನ್ನು ಕಾಣದವನೇ ಸಮದರ್ಶಿ. ಸಭೆಗಳಲ್ಲಿ ಇದೇ ಮಾತು ಸ್ವಲ್ಪ ಒರಟಾಗಿ ಬರುತ್ತದೆ: ಕುಯ್ದರೆ ಎಲ್ಲರ ರಕ್ತವೂ ಕೆಂಪು. ಕೇಳಿ ಕೇಳಿ ಸಾಕಾಗಿ ಒಂದು ಸಲ ಅಂದೆ, "ಕುಯ್ಯೋ ತನಕ ಯಾಕೆ ಹೋಗ್ಬೇಕು ಮೇಷ್ಟ್ರೇ? ಮೇಲೇ ಬೇಕಾದಷ್ಟು ಕೆಲಸ ಉಂಟು."

ಆ ಕೆಲಸ ಎಂಥದ್ದು ಎಂದು ಹೇಳುತ್ತೇನೆ. ಡಿಸೆಂಬರ್ ಕೊನೆ, ಕಾಫಿ ಕೊಯ್ಲು ಜೋರಾಗಿದ್ದ ಕಾಲ. ಬೆಳಿಗ್ಗೆ ಹೋದದ್ದು ರಸ್ತೆಗೆ ಹತ್ತಿರದ ಒಂದು ದೊಡ್ಡ ಮನೆಗೆ. ಆ ಮನೆಯ ಅಜ್ಜಿ ಸೊಂಟದ ಮೂಳೆ ಮುರಿದು ಮಲಗಿದ್ದರು. ಬಿಳಿಯ ಮೈ, ಚಳಿಗೆ ಕೆನ್ನೆ ಕೆಂಪೇರುವಂಥದ್ದು. ಮಗ್ಗುಲಿಗೆ ತಿರುಗಿಸಿದ ಕೂಡಲೇ ಬೆನ್ನಿನ ಬುಡದ ಮೂಳೆಯ ಮೇಲೆ ಅಂಗೈಯಗಲ ಕೆಂಪು ಕಂಡಿತು. ವಿದ್ಯಾರ್ಥಿನಿ ಬೆರಳಿಟ್ಟು ಒತ್ತಿ ಬಿಟ್ಟಳು. ಒತ್ತಿದ ಜಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದು ಲೆಕ್ಕ. ಬಿಳಿಚಲೇ ಇಲ್ಲವಾದರೆ ಒತ್ತಡದ ಹುಣ್ಣಿನ ಮೊದಲ ಹಂತ. ಬಿಳಿಚಲಿಲ್ಲ. ಅವಳ ಪುಸ್ತಕದಲ್ಲಿದ್ದ ಚಿತ್ರವೂ ಇದೂ ತದ್ರೂಪು. ಖುಷಿಯಿಂದ ಬರೆದುಕೊಂಡಳು.

ಮಧ್ಯಾಹ್ನ ಅದೇ ತೋಟದ ಲೈನ್ ಮನೆಗೆ ಹೋದೆವು. ಅಲ್ಲಿ ಎರವ ಬುಡಕಟ್ಟಿನ ಅಜ್ಜಿ, ಕಡುಗಪ್ಪು ಮೈ. ಬಿದ್ದು ಎದ್ದಿರಲಿಲ್ಲ. ಮಗ ಸೊಸೆ ಇಬ್ಬರೂ ಕೊಯ್ಲಿಗೆ ಹೋಗಿದ್ದರು, ಶಾಲೆಗೆ ರಜೆ ಇದ್ದ ಮೊಮ್ಮಗ ಕಾವಲಿದ್ದ. ಅಜ್ಜಿಯನ್ನು ತಿರುಗಿಸಿ ವಿದ್ಯಾರ್ಥಿನಿ ಟಾರ್ಚ್ ಬಿಟ್ಟು ನೋಡಿದಳು. "ರೆಡ್‌ನೆಸ್ ಏನೂ ಇಲ್ಲ ಮೇಡಂ, ನಾರ್ಮಲ್" ಎಂದು ಪೆನ್ನು ತೆಗೆದಳು. ಬರೆಯಬೇಡ ಅಂದೆ. ಬಾಗಿಲು ಪೂರ್ತಿ ತೆರೆಸಿ ಮಂಚವನ್ನು ಹಗಲಿನ ಬೆಳಕಿಗೆ ಎಳೆಸಿದೆ. ಗ್ಲೌಸ್ ತೆಗೆಸಿ, ಕೈ ತೊಳೆಸಿ, ಅವಳ ಕೈಯ ಹಿಂಬದಿಯನ್ನು ಮೊದಲು ಅಜ್ಜಿಯ ತೊಡೆಗೆ, ಆಮೇಲೆ ಪಕ್ಕೆಗೆ, ಕೊನೆಗೆ ಬೆನ್ನಿನ ಬುಡಕ್ಕೆ ಇಡಿಸಿದೆ. ಅಂಗೈಯ ಚರ್ಮ ದಪ್ಪ, ಕೈಯ ಹಿಂಬದಿ ತೆಳು. ಬಿಸಿ ತಂಪಿನ ಸಣ್ಣ ವ್ಯತ್ಯಾಸ ಅದಕ್ಕೇ ಬೇಗ ಗೊತ್ತಾಗುವುದು. ಮೂರನೇ ಜಾಗದಲ್ಲಿ ಅವಳ ಕೈ ನಿಂತಿತು. ಬಿಸಿ. ಬೆರಳಿಂದ ಮೆಲ್ಲಗೆ ಒತ್ತಿದಾಗ ಸುತ್ತಲಿನ ಮಾಂಸಕ್ಕಿಂತ ಗಟ್ಟಿ. ಬೆಳಕು ಅಡ್ಡ ಬಿದ್ದಾಗ ಅಷ್ಟಗಲದ ಚರ್ಮ ಸ್ವಲ್ಪ ಹೊಳೆಯುತ್ತಿತ್ತು, ನೇರಳೆಯ ಕಡೆಗೆ ತಿರುಗಿತ್ತು. ಅಜ್ಜಿ ಉಸಿರು ಎಳೆದುಕೊಂಡರು. ಬೆಳಗಿನ ಮನೆಯ ಅಜ್ಜಿಗಿದ್ದದ್ದೇ ಇವರಿಗೂ ಇತ್ತು, ಬಹುಶಃ ಒಂದೆರಡು ದಿನ ಮುಂದೆಯೇ ಹೋಗಿತ್ತು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬಿಸಿಯಾದ ಜಾಗ ತಿಕ್ಕಬಾರದು, ಒದ್ದೆ ಉಳಿಸಬಾರದು. ಹೇಳುವುದು ಸುಲಭ. ಲೈನ್ ಮನೆಯಲ್ಲಿ ಗಡಿಯಾರ ನೋಡುವವರು ಯಾರು? ಮೊಮ್ಮಗನಿಗೆ ರಸ್ತೆಯ ಬಸ್ಸುಗಳ ಹಾರ್ನ್ ಎಲ್ಲ ಪರಿಚಯ. ಯಾವ ಯಾವ ಬಸ್ಸು ಹೋದಾಗ ಅಜ್ಜಿಯನ್ನು ಯಾವ ಕಡೆ ತಿರುಗಿಸಬೇಕು ಎಂದು ಅವನೇ ಲೆಕ್ಕ ಹಾಕಿಕೊಂಡ. ರಾತ್ರಿ ಸೊಸೆಯ ಪಾಳಿ.

ಮೇಷ್ಟ್ರಿಗೆ ನಾನು ಕೇಳಿದ್ದು ಇದನ್ನೇ. ಇಬ್ಬರು ಅಜ್ಜಿಯರೂ ಒಂದೇ ಎಂದು ಮನಸಾರೆ ನಂಬಿ ಆ ಹುಡುಗಿ ಲೈನ್ ಮನೆಗೆ ಹೋಗಿದ್ದಳು. ಭೇದಭಾವದ ಒಂದು ಎಳೆಯೂ ಅವಳಲ್ಲಿರಲಿಲ್ಲ. ಒಂದೇ ಎಂದು ನಂಬಿದ್ದರಿಂದಲೇ ಇಬ್ಬರಲ್ಲೂ ಕೆಂಪನ್ನೇ ಹುಡುಕಿದಳು, ಕೆಂಪು ಕಾಣದಾದಾಗ ನಾರ್ಮಲ್ ಅಂದಳು. ಹೊರಗಿನದನ್ನು ಕಾಣದಿರುವುದೇ ಸಮದರ್ಶನವಾದರೆ ಅದರ ಬೆಲೆ ತೆತ್ತವರು ಯಾರು? ಕೆಂಪಗಿದ್ದ ಅಜ್ಜಿಯಂತೂ ಅಲ್ಲ.

ಇದು ನಮ್ಮ ತೋಟದ ಕತೆ ಮಾತ್ರವೂ ಅಲ್ಲ. ಮಲೋನ್ ಮುಕ್ವೆಂಡೆ ಎಂಬ ವಿದ್ಯಾರ್ಥಿ ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಕೀಯ ಶಾಲೆಯಲ್ಲಿ ಓದುವಾಗ, ಪಾಠದಲ್ಲಿ ಹೇಳುವ ಲಕ್ಷಣಗಳೆಲ್ಲ ಬಿಳಿಯ ಮೈಯವೇ ಆಗಿರುವುದನ್ನು ಕಂಡು, 2020ರಲ್ಲಿ ತನ್ನ ಇಬ್ಬರು ಅಧ್ಯಾಪಕರೊಂದಿಗೆ ಸೇರಿ ಕಪ್ಪು ಮತ್ತು ಕಂದು ಮೈಯಲ್ಲಿ ಕಾಯಿಲೆಗಳು ಹೇಗೆ ಕಾಣುತ್ತವೆ ಎಂಬ ಕೈಪಿಡಿ ಹೊರತಂದ. ಅದೇ ವರ್ಷ ಅಮೆರಿಕದ ವೈದ್ಯರು, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕರಿಯರಲ್ಲಿ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಹೆಚ್ಚು ಸಲ ತಪ್ಪಿಸಿಬಿಡುತ್ತದೆ ಎಂದು ತೋರಿಸಿದರು. ಬೆಳಕು ಬಿಟ್ಟು ಅಳೆಯುವ ಯಂತ್ರ ಅದು, ಕಣ್ಣಿನ ಜಾತಿಯದ್ದೇ. ಇನ್ನು ನಮ್ಮ ಕತೆ ನೋಡಿ: ಕಂದು ಮೈಯ ನರ್ಸ್‌ಗಳು ಕಂದು ಮೈಯ ರೋಗಿಗಳನ್ನು ನೋಡಲು ಬಿಳಿ ಮೈಯ ಚಿತ್ರ ಇರುವ ಪುಸ್ತಕ ಓದಿ ಪಾಸಾಗುತ್ತೇವೆ. ಇದಕ್ಕೆ ನಗಬೇಕೋ ಅಳಬೇಕೋ.

ಬಣ್ಣದ ಸಂಗತಿ ಎಷ್ಟು ತೆಳುವಾದದ್ದು ಎಂದು ಗೊತ್ತಿದ್ದರೆ ಇನ್ನೂ ಆಶ್ಚರ್ಯವಾಗುತ್ತದೆ. ಮೈಯ ಹೆಚ್ಚಿನ ಕಡೆ ಚರ್ಮದ ಮೇಲ್ಪದರ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ದಪ್ಪ, ರೆಪ್ಪೆಯಲ್ಲಿ ಅದರರ್ಧ. ಅದರಲ್ಲಿ ರಕ್ತನಾಳವೇ ಇಲ್ಲ. ಕೆಳಗಿನ ಪದರದಿಂದ ಒಸರಿ ಬಂದದ್ದರಲ್ಲಿ ಬದುಕಬೇಕು. ಬುಡದ ಸಾಲಿನಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ. ಅವುಗಳ ಸಂಖ್ಯೆ ಕೊಡವರಲ್ಲಿ, ಎರವರಲ್ಲಿ, ಇಂಗ್ಲಿಷರಲ್ಲಿ ಹೆಚ್ಚು ಕಡಿಮೆ ಒಂದೇ. ಬೇರೆಯಾಗುವುದು ಅವು ತಯಾರಿಸುವ ಮೆಲನಿನ್ ಕಣಗಳ ಗಾತ್ರ, ಪ್ರಮಾಣ, ಹಂಚಿಕೆ. ಇನ್ನು ತೀರಾ ಮೇಲಿನ, ನಾವು ನೋಡಿ ಮೆಚ್ಚುವ, ನೋಡಿ ಹೇಸುವ ಪೊರೆ ಇದೆಯಲ್ಲ, ಅದು ಸತ್ತ ಜೀವಕೋಶಗಳ ಸಾಲು. ಜಾತಿ, ವರ್ಣ, ವಧುಪರೀಕ್ಷೆ ಎಲ್ಲ ನಡೆದಿರುವುದು ಈ ಸತ್ತವುಗಳ ಮೇಲೆ.

"ಅಂದಮೇಲೆ ನಾನು ಹೇಳಿದ್ದೇ ಆಯ್ತಲ್ಲ, ಅದು ಮಿಥ್ಯೆ" ಅಂದರು ಮೇಷ್ಟ್ರು.

ಆಗಲಿಲ್ಲ. ಬಣ್ಣ ತೆಳುವಾದದ್ದು ಎಂದು ಹೇಳುವುದು ಬೇರೆ, ಅದರ ಕೆಳಗಿನ ಬಿಸಿಯನ್ನು ಹುಡುಕಲು ಕೈ ಇಡುವುದು ಬೇರೆ. ಶಂಕರಾಚಾರ್ಯರ ಕತೆಯನ್ನು ಅವರೇ ನನಗೆ ಹೇಳಿದ್ದರು. ಕಾಶಿಯ ದಾರಿಯಲ್ಲಿ ಎದುರಾದ ಚಂಡಾಲನಿಗೆ ದೂರ ಹೋಗು ಅಂದಾಗ ಅವನು ಕೇಳಿದನಂತೆ: ದೂರ ಹೋಗಬೇಕಾದ್ದು ಯಾವುದು, ಅನ್ನದಿಂದಾದ ಈ ದೇಹವೋ, ಒಳಗಿನ ಚೈತನ್ಯವೋ? ಎರಡೂ ನಿನ್ನಲ್ಲಿರುವುದೇ ಅಲ್ಲವೇ? ಆಚಾರ್ಯರು ತಲೆಬಾಗಿದರು, ಮನೀಷಾಪಂಚಕ ಹುಟ್ಟಿತು. ದೊಡ್ಡ ಕತೆ, ನನಗೂ ಇಷ್ಟ. ಆದರೆ ಆ ಚಂಡಾಲನ ಹಿಮ್ಮಡಿ ಬಿರುಕು ಬಿಟ್ಟಿತ್ತೇ, ಬೆರಳ ಸಂದಿಯಲ್ಲಿ ಕಜ್ಜಿ ಇತ್ತೇ ಎಂದು ಯಾರೂ ನೋಡಿದಂತಿಲ್ಲ. ವಾದ ಗೆದ್ದವನ ಮೈ ಹಾಗೆಯೇ ಉಳಿಯಿತು. ಆತ್ಮ ಒಂದೇ ಎಂದು ಒಪ್ಪಿದ ಮೇಲೂ ಸಾವಿರ ವರ್ಷ ಮುಟ್ಟದೆಯೇ ಇರಲು ನಮಗೆ ಸಾಧ್ಯವಾಯಿತು ಎಂಬುದನ್ನು ಮೇಷ್ಟ್ರು ಅಲ್ಲಗಳೆಯಲಿಲ್ಲ. ನನ್ನ ಅನುಮಾನ ಇಷ್ಟು: ಚರ್ಮವನ್ನು ತುಚ್ಛ ಎಂದು ದಾಟಿ ಹೋಗುವವನಿಗೂ ಇನ್ನೊಬ್ಬನ ಚರ್ಮ ಮೈಲಿಗೆ ಎಂದು ಸರಿದು ಹೋಗುವವನಿಗೂ ಒಂದು ಸೌಕರ್ಯ ಸಮಾನ. ಇಬ್ಬರೂ ಕೈ ಹಚ್ಚಬೇಕಾಗಿಲ್ಲ.

ಕೈ ಹಚ್ಚಿದವರೂ ನಮ್ಮಲ್ಲಿ ಇದ್ದರು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಚರ್ಮಕ್ಕೆ ಏಳು ಪದರ ಹೇಳಿದೆ. ಕುದಿಯುವ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಅವು ಕಟ್ಟುತ್ತವಂತೆ. ಹೊರಗಿನದರ ಹೆಸರು ಅವಭಾಸಿನೀ, ಮೈಬಣ್ಣ ತೋರುವುದು ಅದರಲ್ಲಿ. ಆಮೇಲೆ ಲೋಹಿತಾ, ಶ್ವೇತಾ, ತಾಮ್ರಾ, ವೇದಿನೀ, ರೋಹಿಣೀ, ಮಾಂಸಧರಾ. ಒಂದೊಂದರ ದಪ್ಪವನ್ನು ಭತ್ತದ ಕಾಳಿನ ಇಷ್ಟನೇ ಪಾಲು ಎಂದು ಲೆಕ್ಕ ಕೊಟ್ಟು, ಯಾವ ಪದರದಲ್ಲಿ ಯಾವ ಕಾಯಿಲೆ ಬೇರೂರುತ್ತದೆ ಎಂದು ಹೇಳಿದ್ದಾರೆ. ಇದೆಲ್ಲ ಧ್ಯಾನದಲ್ಲಿ ಕಂಡದ್ದಲ್ಲ. ಹೆಣವನ್ನು ಹುಲ್ಲು ನಾರುಗಳಿಂದ ಸುತ್ತಿ, ಹರಿಯುವ ನೀರಿನಲ್ಲಿ ಗೂಡಿನೊಳಗೆ ಏಳು ರಾತ್ರಿ ಇಟ್ಟು, ಚೆನ್ನಾಗಿ ನೆನೆದ ಮೇಲೆ ಲಾವಂಚದ ಬೇರಿನಂಥ ಕುಂಚದಿಂದ ಮೆಲ್ಲಗೆ ಉಜ್ಜಿ ಒಂದೊಂದೇ ಪದರ ಬಿಡಿಸಿ ನೋಡಬೇಕು ಎಂಬ ವಿಧಿಯೇ ಅಲ್ಲಿದೆ. ಹೆಣ ಮುಟ್ಟಿದರೆ ಸೂತಕ ಎನ್ನುವ ಸಮಾಜದಲ್ಲಿ ಕೂತು ಇದನ್ನು ಬರೆದರು. ಧರ್ಮಶಾಸ್ತ್ರ ಸುಮ್ಮನಿರಲಿಲ್ಲ, ಮನುಸ್ಮೃತಿ ವೈದ್ಯನ ಮನೆಯ ಅನ್ನ ಉಣ್ಣಬಾರದು, ಅದು ಕೀವಿಗೆ ಸಮ ಎನ್ನುತ್ತದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಡ್ಯೂಟಿ ಮುಗಿಸಿ ಬಂದ ನನ್ನನ್ನು ತಲೆಗೆ ಮಿಂದ ಹೊರತು ಅಡುಗೆಮನೆಗೆ ಬಿಡುತ್ತಿರಲಿಲ್ಲ. ಮನುವನ್ನು ಅವರು ಓದಿರಲಿಲ್ಲ, ಓದುವ ಅಗತ್ಯವೂ ಇರಲಿಲ್ಲ.

ಚರ್ಮ ನೋಡಿ ತೀರ್ಪು ಕೊಡುವ ಕೆಲಸವನ್ನು ಬೇರೆ ಧರ್ಮಗಳೂ ಮಾಡಿವೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಕ್ರೈಸ್ತ ಸಿಸ್ಟರ್ ಬೈಬಲಿನ ಯಾಜಕಕಾಂಡ ತೆರೆದು ತೋರಿಸಿದ್ದರು. ಹದಿಮೂರನೇ ಅಧ್ಯಾಯ ಅಕ್ಷರಶಃ ಒಂದು ಪರೀಕ್ಷಾ ಪಟ್ಟಿ: ಮಚ್ಚೆ ಚರ್ಮಕ್ಕಿಂತ ಆಳಕ್ಕಿದೆಯೇ, ಅದರ ಮೇಲಿನ ರೋಮ ಬೆಳ್ಳಗಾಗಿದೆಯೇ, ಏಳು ದಿನ ಬೇರೆ ಇಟ್ಟು ಮತ್ತೆ ನೋಡಿದಾಗ ಹರಡಿದೆಯೇ. ನಾವು ಮಾಡುವುದೂ ಹೆಚ್ಚು ಕಡಿಮೆ ಅದನ್ನೇ: ಜಾಗ, ಗಾತ್ರ, ಬಣ್ಣ, ಅಂಚು, ಹರಡುವ ರೀತಿ. ಆದರೆ ಅಲ್ಲಿ ನೋಡುವವನು ಯಾಜಕ, ನೋಡಿ ಕೊಡುವುದು ಮದ್ದಲ್ಲ, ಶುದ್ಧ ಅಥವಾ ಅಶುದ್ಧ ಎಂಬ ತೀರ್ಪು. ಅಶುದ್ಧನಾದವನು ಪಾಳೆಯದ ಹೊರಗೆ. ಅದೇ ಸಿಸ್ಟರ್ ಸುವಾರ್ತೆಯ ಪುಟವನ್ನೂ ತೋರಿಸಿದರು. ಯೇಸು ಕುಷ್ಠದವನನ್ನು ಕೈಚಾಚಿ ಮುಟ್ಟಿ ಗುಣಪಡಿಸುತ್ತಾನೆ. ಮಾತಿನಿಂದಲೇ ಗುಣಪಡಿಸಬಲ್ಲವನು ಮುಟ್ಟಿದ್ದು ಏಕೆ ಎಂದು ಆಕೆ ಕೇಳಿದ ಪ್ರಶ್ನೆ ನನ್ನಲ್ಲಿ ಇನ್ನೂ ಇದೆ.

ಕುಷ್ಠದ ಪರೀಕ್ಷೆಗೆ ಬೇಕಾಗುವುದು ಚಿಟಿಕೆ ಹತ್ತಿ. ಸುತ್ತಲಿಗಿಂತ ಬೆಳ್ಳಗೋ ಕೆಂಪಗೋ ಇರುವ ಮಚ್ಚೆ, ಅಲ್ಲಿ ಬೆವರು ಕಡಿಮೆ, ರೋಮ ಕಡಿಮೆ. ರೋಗಿಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯನ್ನು ಅಲ್ಲಲ್ಲಿ ತಾಗಿಸಿ, ತಾಗಿದ ಕಡೆ ಬೆರಳಿಟ್ಟು ತೋರಿಸಿ ಅನ್ನುತ್ತೇವೆ. ಕೆನ್ನೆಗೆ ತಾಗಿದಾಗ ತೋರಿಸುತ್ತಾರೆ, ತೋಳಿಗೆ ತಾಗಿದಾಗ ತೋರಿಸುತ್ತಾರೆ, ಮಚ್ಚೆಯ ಮೇಲೆ ತಾಗಿದಾಗ ಸುಮ್ಮನೆ ಕೂತಿರುತ್ತಾರೆ, ಇನ್ನೂ ಯಾವಾಗ ಶುರು ಮಾಡುತ್ತೀರಿ ಎನ್ನುವಂತೆ. ಒಬ್ಬ ಕೂಲಿಯಾಳು ನನ್ನ ಹತ್ತಿರ ಬಂದದ್ದು ಮಚ್ಚೆಗಾಗಿ ಅಲ್ಲ, ಬೆರಳುಗಳ ಬೊಬ್ಬೆಗಾಗಿ. ಬಿಸಿ ಚಹಾದ ಗ್ಲಾಸನ್ನು ಬೇರೆಯವರು ಅಂಚಿನಲ್ಲಿ ಹಿಡಿದರೆ ಅವನು ಮುಷ್ಟಿಯಲ್ಲಿ ಹಿಡಿಯುತ್ತಿದ್ದ. ಜೊತೆಯವರು ಗಟ್ಟಿಗ ಎಂದು ಹೊಗಳುತ್ತಿದ್ದರಂತೆ.

ಶೀತ ಉಷ್ಣ, ಸುಖ ದುಃಖ ಎಲ್ಲ ಸ್ಪರ್ಶದಿಂದ ಬರುತ್ತವೆ, ಬಂದು ಹೋಗುತ್ತವೆ, ಸಹಿಸಿಕೋ ಎಂದು ಕೃಷ್ಣ ಅರ್ಜುನನಿಗೆ ಹೇಳುತ್ತಾನೆ. ಸಹಿಸಲು ಮೊದಲು ತಾಗಬೇಕು. ಆ ಕೂಲಿಯಾಳಿಗೆ ಸಹಿಸುವ ಅವಕಾಶವೇ ಇರಲಿಲ್ಲ. ಸ್ಪರ್ಶವನ್ನು ಗೆಲ್ಲಬೇಕು ಎನ್ನುವವರು ಸ್ಪರ್ಶ ಕಳೆದುಕೊಂಡವರ ಅಂಗಾಲು ಒಮ್ಮೆ ನೋಡಬೇಕು: ಮುಳ್ಳು ಹೊಕ್ಕು, ಹುಣ್ಣಾಗಿ, ಮೂಳೆಗೆ ತಲುಪಿದರೂ ಅವರು ಅದರ ಮೇಲೆಯೇ ನಡೆಯುತ್ತಾರೆ. ನೋವು ಮೈಯ ಕಾವಲುಗಾರ. ಅದನ್ನು ವೈರಾಗ್ಯದ ಶತ್ರು ಎನ್ನುವವರ ಜೊತೆ ನನಗೆ ಹೊಂದಿಕೆಯಾಗುವುದಿಲ್ಲ.

ಕುಷ್ಠ ಬರುವುದು ರೋಗಾಣುವಿನಿಂದ ಎಂದು ನಾರ್ವೆಯ ಹ್ಯಾನ್ಸನ್ 1873ರಲ್ಲೇ ತೋರಿಸಿದ್ದ. 1980ರ ದಶಕದಿಂದ ಬಹು ಔಷಧ ಚಿಕಿತ್ಸೆ ಇದೆ, ಆರು ತಿಂಗಳೋ ಒಂದು ವರ್ಷವೋ ಮಾತ್ರೆ ನುಂಗಿದರೆ ಗುಣ. ಆದರೂ ಕುಷ್ಠ ವಿಚ್ಛೇದನಕ್ಕೆ ಕಾರಣವಾಗಬಹುದು ಎಂಬುದು ನಮ್ಮ ವಿವಾಹ ಕಾನೂನುಗಳಿಂದ ಹೋದದ್ದು 2019ರಲ್ಲಿ. ಗಾಂಧೀಜಿ ಸೇವಾಗ್ರಾಮದಲ್ಲಿ ಕುಷ್ಠವಿದ್ದ ಸಂಸ್ಕೃತ ಪಂಡಿತ ಪರಚುರೆ ಶಾಸ್ತ್ರಿಗಳ ಮೈಯನ್ನು ತಾವೇ ತಿಕ್ಕುತ್ತಿದ್ದರು. ಅವರು ಹತರಾದ ಜನವರಿ 30ರಂದು 2017ರಿಂದ ಸ್ಪರ್ಶ್ ಕುಷ್ಠ ಅರಿವು ಅಭಿಯಾನ ನಡೆಯುತ್ತದೆ, ಗ್ರಾಮಸಭೆಗಳಲ್ಲಿ ಪ್ರತಿಜ್ಞೆ ಓದಿಸುತ್ತಾರೆ. ಅದೇ ಗಾಂಧಿ 1934ರ ಫೆಬ್ರವರಿಯಲ್ಲಿ ಅಸ್ಪೃಶ್ಯತೆಯ ವಿರುದ್ಧದ ಹರಿಜನ ಯಾತ್ರೆಯಲ್ಲಿ ನಮ್ಮ ಕೊಡಗಿಗೂ ಬಂದಿದ್ದರು. ಕತೆಗಾರ್ತಿ ಕೊಡಗಿನ ಗೌರಮ್ಮ, ಗಾಂಧಿ ತನ್ನ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದಾಗ ಒಡವೆ ಕಳಚಿ ಕೊಟ್ಟದ್ದು ಎಲ್ಲರಿಗೂ ಗೊತ್ತು. ಮೈಮೇಲಿನ ಚಿನ್ನ ಕೊಡುವುದಕ್ಕೂ ಮೈ ಮುಟ್ಟುವುದಕ್ಕೂ ನಡುವೆ ಊರಿಗೆ ಇನ್ನೂ ಬಹಳ ದಾರಿ ಉಳಿದಿತ್ತು.

ಇನ್ನು ಕಜ್ಜಿ. ಇದರಷ್ಟು ಚೆನ್ನಾಗಿ ಧರ್ಮದ ಪಾಠ ಹೇಳುವ ಕಾಯಿಲೆ ಬೇರೆ ಇಲ್ಲ. ಮಳೆಗಾಲದಲ್ಲಿ ಒಂದು ಲೈನಿನಲ್ಲಿ ಅಸ್ಸಾಮಿನ ಕಡೆಯಿಂದ ಬಂದ ಒಬ್ಬ ಹುಡುಗನಿಗೆ ಮೈಯೆಲ್ಲ ತುರಿಕೆ, ರಾತ್ರಿ ನಿದ್ದೆ ಇಲ್ಲ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ. ಸಂದಿಯಲ್ಲಿ ಕೂದಲೆಳೆಯಷ್ಟು ಸಪೂರದ ಡೊಂಕು ಗೆರೆಗಳು, ಹುಳ ಕೊರೆದ ಸುರಂಗ ಅದು. ಮೇಸ್ತ್ರಿಯ ಪರಿಹಾರ ಸರಳ: ಅವನನ್ನು ರೈಲು ಹತ್ತಿಸಿ ಕಳಿಸುವುದು. ನಾನು ಕೇಳಿದೆ, ಈ ಹುಳ ಮೊದಲ ಸಲ ಮೈ ಹೊಕ್ಕರೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು, ಅಷ್ಟು ದಿನದಲ್ಲಿ ಇವನು ಯಾರ ಜೊತೆ ಮಲಗಿದ್ದ, ಯಾರ ಕಂಬಳಿ ಹೊದ್ದಿದ್ದ, ತಂದವನು ಇವನೇ ಎಂದು ಹೇಗೆ ಹೇಳುತ್ತೀರಿ? ಮದ್ದು ಹಚ್ಚುವುದಾದರೆ ಲೈನಿನ ಅಷ್ಟೂ ಜನ ಒಂದೇ ರಾತ್ರಿ ಹಚ್ಚಬೇಕು, ತುರಿಕೆ ಇದ್ದವರೂ ಇಲ್ಲದವರೂ. ಪರ್ಮೆಥ್ರಿನ್ ಮುಲಾಮು, ಕುತ್ತಿಗೆಯಿಂದ ಅಂಗಾಲಿನ ತನಕ, ಉಗುರಿನ ಕೆಳಗೂ. ಬೆಳಿಗ್ಗೆ ಸ್ನಾನ, ಬಟ್ಟೆ ಕಂಬಳಿ ಬಿಸಿನೀರಿಗೆ. ಒಂದು ವಾರ ಬಿಟ್ಟು ಇನ್ನೊಮ್ಮೆ.

ಗಲಾಟೆ ಆಗಿದ್ದು ಅಲ್ಲೇ. ನಾವು ದಿನಾ ಮೀಯುವವರು, ನಮಗೆ ಯಾಕೆ ಎಂದು ಒಂದು ಮನೆಯವರು. ಅವರ ಜೊತೆ ನಮ್ಮನ್ನು ಸೇರಿಸಬೇಡಿ ಎಂದು ಇನ್ನೊಬ್ಬರು. ಮಡಿ ಎಂಬುದು ಒಬ್ಬೊಬ್ಬರೂ ತಮ್ಮ ತಮ್ಮ ಚರ್ಮದ ಸುತ್ತ ಹಾಕಿಕೊಳ್ಳುವ ಬೇಲಿ. ಕಜ್ಜಿಯ ಹುಳಕ್ಕೆ ಆ ಬೇಲಿ ಕಾಣುವುದಿಲ್ಲ. ಅದರ ಲೆಕ್ಕದಲ್ಲಿ ಇಡೀ ಲೈನಿಗೆ ಇರುವುದು ಒಂದೇ ಚರ್ಮ. ಮೇಷ್ಟ್ರು ಅದ್ವೈತ ಅದ್ವೈತ ಅನ್ನುತ್ತಿದ್ದರಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ, ಹನ್ನೆರಡು ಮನೆಯವರು ಒಂದೇ ಸಂಜೆ ಮುಲಾಮು ಹಚ್ಚಿಕೊಂಡು ಜಗಲಿಯಲ್ಲಿ ಮುಖ ಗಂಟು ಹಾಕಿ ಕೂತಿದ್ದಾಗ. ಈ ಮಾತಿಗೆ ಮೇಷ್ಟ್ರು ಬಹಳ ನಕ್ಕರು.

ಎರವರ ಅಜ್ಜಿಯ ಮನೆಯಲ್ಲಿ ಗ್ಲೌಸ್ ತೆಗೆಸಿದೆ ಅಂದೆನಲ್ಲ, ಅಪಾರ್ಥವಾಗಬಾರದು. ರಕ್ತ, ಕೀವು, ತೆರೆದ ಗಾಯ, ಕಜ್ಜಿ ಇದ್ದಲ್ಲಿ ಹಾಕಲೇಬೇಕು. ಕೊರೋನಾ ಬಂದು ಹೋದ ಮೇಲೆ ಹುಡುಗಿಯರು ನಾಡಿ ನೋಡಲೂ ಹಾಕುತ್ತಾರೆ. ಒಡೆಯದ ಚರ್ಮದ ಬಿಸಿ, ಒಣಗಿರುವುದು, ಬಿಗಿ ಇವೆಲ್ಲ ರಬ್ಬರಿನ ಮೇಲೆ ಗೊತ್ತಾಗುವುದಿಲ್ಲ. ಮುಟ್ಟಿಸಿಕೊಳ್ಳುವವರಿಗೂ ಗೊತ್ತಾಗುತ್ತದೆ, ಯಾವ ಮನೆಯಲ್ಲಿ ಹಾಕಿದಳು, ಯಾವ ಮನೆಯಲ್ಲಿ ಹಾಕಲಿಲ್ಲ ಎಂದು. ಲೈನ್ ಮನೆಯವರು ಅದನ್ನು ಲೆಕ್ಕ ಇಡುತ್ತಾರೆ.

ಮೇಷ್ಟ್ರು ಸೋಲುವವರಲ್ಲ, ಹೊಸ ಪುಸ್ತಕ ತೆಗೆಯುತ್ತಾರೆ. ಚರಕ ಸಂಹಿತೆಯಲ್ಲಿ ಸ್ಪರ್ಶವೊಂದೇ ಎಲ್ಲ ಇಂದ್ರಿಯಗಳನ್ನು ವ್ಯಾಪಿಸಿದೆ ಎಂಬ ಮಾತಿದೆ ಎಂದು ಅವರೇ ಹುಡುಕಿ ತೋರಿಸಿದರು. ಮನಸ್ಸೂ ಅದರೊಡನೆ ಬಿಡದೆ ಕೂಡಿಕೊಂಡಿದೆಯಂತೆ. ನೋಡುವುದೂ ಕೇಳುವುದೂ ಕೊನೆಗೆ ಒಂದು ಬಗೆಯ ತಾಗುವಿಕೆಯೇ ಎಂದಾಯಿತು. ಒತ್ತಿದಾಗ ತೆರೆದುಕೊಳ್ಳುವ ಬಾಗಿಲುಗಳು ಜೀವಕೋಶದ ಪೊರೆಯಲ್ಲಿವೆ ಎಂದು ತೋರಿಸಿದ್ದಕ್ಕೆ ಅರ್ಡೆಮ್ ಪಟಪೌಟಿಯನ್, ಬಿಸಿ ತಾಗುವ ಬಾಗಿಲು ತೋರಿಸಿದ್ದಕ್ಕೆ ಡೇವಿಡ್ ಜೂಲಿಯಸ್, ಇಬ್ಬರಿಗೂ 2021ರಲ್ಲಿ ನೊಬೆಲ್ ಬಂತು ಎಂದು ನಾನು ಹೇಳಿದೆ. ಮೆಲ್ಲಗೆ ನೇವರಿಸಿದರೆ ಮಾತ್ರ ಚುರುಕಾಗುವ ನರದ ಎಳೆಗಳೂ ರೋಮವಿರುವ ಚರ್ಮದಲ್ಲಿವೆ. ಜೋರಾಗಿ ಉಜ್ಜಿದರೆ ಅವಕ್ಕೆ ಬೇಡ. ಮೇಷ್ಟ್ರು ಏನೂ ಹೇಳದೆ ಹೆಂಡತಿಯ ಬಲಗೈ ನೇವರಿಸಿ ನೋಡಿದರು. ಆಕೆ, "ಸಾಕು, ಕಚಗುಳಿ" ಅಂದರು.

ನನ್ನ ಪಕ್ಷಕ್ಕೆ ಅವರೇ ಒದಗಿಸಿದ ದೊಡ್ಡ ಸಾಕ್ಷಿ ಹರಳಯ್ಯ. ಕಲ್ಯಾಣದ ಸಮಗಾರ. ಶರಣು ಎಂದದ್ದಕ್ಕೆ ಬಸವಣ್ಣ ಶರಣು ಶರಣಾರ್ಥಿ ಎಂದು ಎರಡು ಸಲ ಬಾಗಿದನಂತೆ. ಒಂದು ಶರಣು ಹೆಚ್ಚಾಯಿತಲ್ಲ, ಆ ಋಣ ತೀರಿಸಲು ಹರಳಯ್ಯ ತನ್ನ ತೊಡೆಯ ಚರ್ಮ, ಹೆಂಡತಿ ಕಲ್ಯಾಣಮ್ಮ ತನ್ನ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಹೊಲಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತ. ಆಮೇಲೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ, ಇಬ್ಬರು ತಂದೆಯರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಹೂಟೆ.

ಈ ಕತೆ ಕೇಳಿದಾಗ ನನಗೆ ನೆನಪಾಗುವುದು ಸುಟ್ಟಗಾಯದ ವಾರ್ಡು. ಚರ್ಮ ಕಸಿ ಮಾಡಲು ಸಾಮಾನ್ಯವಾಗಿ ತೆಗೆಯುವುದು ತೊಡೆಯಿಂದಲೇ. ಅಲ್ಲಿ ಅಗಲ ಜಾಗ ಸಿಗುತ್ತದೆ, ಕಲೆ ಉಡುಪಿನಲ್ಲಿ ಮುಚ್ಚಿಹೋಗುತ್ತದೆ. ಯಂತ್ರದ ಅಲಗು ಮಿಲಿಮೀಟರಿಗಿಂತ ಎಷ್ಟೋ ತೆಳುವಾದ ಹಾಳೆ ಎತ್ತುತ್ತದೆ. ಉಳಿದ ರೋಮಕೂಪಗಳ ಬುಡದಿಂದ ಹೊಸ ಮೇಲ್ಪದರ ಹಬ್ಬಿ ಎರಡು ವಾರದ ಆಸುಪಾಸಿನಲ್ಲಿ ವಾಸಿಯಾಗುತ್ತದೆ. ರೋಗಿಗಳು ಕಸಿ ಮಾಡಿದ ಜಾಗಕ್ಕಿಂತ ಕೊಟ್ಟ ಜಾಗ ಹೆಚ್ಚು ಉರಿಯುತ್ತದೆ ಎನ್ನುತ್ತಾರೆ. ನಿಜ, ನರದ ತುದಿಗಳೆಲ್ಲ ಅಲ್ಲಿ ತೆರೆದುಕೊಂಡಿರುತ್ತವೆ. ಹರಳಯ್ಯ ದಂಪತಿ ತುಚ್ಛವಾದ ಚೀಲದಿಂದ ಒಂದು ತುಂಡು ಕೊಟ್ಟರು ಎಂದು ಓದಿದರೆ ಆ ಕತೆಗೆ ಅರ್ಥವೇ ಇಲ್ಲ. ಊರು ಯಾವ ಚರ್ಮವನ್ನು ಮುಟ್ಟಲು ಹೇಸುತ್ತಿತ್ತೋ ಅದನ್ನೇ, ಉರಿ ಸಹಿಸಿ, ತಮ್ಮಲ್ಲಿದ್ದ ಅತ್ಯುತ್ತಮ ವಸ್ತುವೆಂದು ಕೊಟ್ಟರು. ಆತ್ಮ ಕೊಡುತ್ತೇನೆ ಎನ್ನಲಿಲ್ಲ.

ಈ ಮಾತಾದ ಮೇಲೆ ಮೇಷ್ಟ್ರು ಒಂದು ವಾರ ವಾದಕ್ಕೆ ಬರಲಿಲ್ಲ. ಆಮೇಲೆ ಬಂದು ಕೇಳಿದ್ದು ವೇದಾಂತವಲ್ಲ: ಸತ್ತ ಮೇಲೆ ಚರ್ಮ ಕೊಡಬಹುದಂತಲ್ಲ, ಹೇಗೆ? ಹೇಳಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮನಿಧಿ ಇದೆ. ಹದಿನೆಂಟು ತುಂಬಿದ ಯಾರೂ ಕೊಡಬಹುದು. ಎಚ್‌ಐವಿ, ಕಾಮಾಲೆಯ ವೈರಸ್, ಚರ್ಮದ ಸೋಂಕು, ಚರ್ಮದ ಕ್ಯಾನ್ಸರ್ ಇರಬಾರದು. ರಕ್ತದ ಗುಂಪು ಹೊಂದಬೇಕೆಂದಿಲ್ಲ, ಬಣ್ಣ ಹೊಂದಬೇಕೆಂದಿಲ್ಲ, ಕೊಟ್ಟವನ ಜಾತಿ ಕೇಳುವವರಿಲ್ಲ. ತೊಡೆ, ಕಾಲು, ಬೆನ್ನಿನಿಂದ ತೆಳು ಪದರ ತೆಗೆಯುತ್ತಾರೆ, ದೇಹ ವಿರೂಪವಾಗುವುದಿಲ್ಲ. ಗ್ಲಿಸರಿನ್‌ನಲ್ಲಿ ತಣ್ಣಗೆ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಸುಟ್ಟವರ ಮೈಮೇಲೆ ಅದು ಶಾಶ್ವತವಾಗಿ ಹಿಡಿಯುವುದಿಲ್ಲ. ಅವರದೇ ಚರ್ಮ ಬೆಳೆಯುವ ತನಕ ಸೋಂಕು ತಡೆದು, ನೀರು ಹೋಗದಂತೆ ಕಾಯುತ್ತದೆ, ಆಮೇಲೆ ಉದುರಿಹೋಗುತ್ತದೆ.

"ನಮ್ಮಿಬ್ಬರ ಹೆಸರೂ ಬರಿ" ಅಂದರು. ಒಂದೇ ತೊಡಕು. ಪ್ರಾಣ ಹೋದ ಆರು ಗಂಟೆಯೊಳಗೆ ತೆಗೆಯಬೇಕು. ಬೆಂಗಳೂರು ಇಲ್ಲಿಂದ ಸುಮಾರು 250 ಕಿಲೋಮೀಟರ್. ಫೋನ್ ಹೋಗಿ, ತಂಡ ಹೊರಟು, ಮೈಸೂರು ದಾಟಿ, ಮಳೆಯಲ್ಲಿ ಬಿಟ್ಟಂಗಾಲ ಮುಟ್ಟುವ ಹೊತ್ತಿಗೆ ಆರು ಗಂಟೆ ಮುಗಿದಿರುತ್ತದೆ. ಹತ್ತಿರದಲ್ಲಿ ಎಲ್ಲಿ ವ್ಯವಸ್ಥೆ ಆಗಬಹುದು ಎಂದು ವಿಚಾರಿಸುತ್ತಿದ್ದೇನೆ. ಅಲ್ಲಿಯ ತನಕ ಬೆಂಗಳೂರಿನ ಮಗನ ಮನೆಯಲ್ಲಿ ಸಾಯುವುದು ಒಳ್ಳೆಯದೇ ಎಂದು ಮೇಷ್ಟ್ರು ಹೆಂಡತಿಯ ಹತ್ತಿರ ಕೇಳಿದರು. ಆಕೆಗೆ ಆ ಮನೆಯ ಸೊಸೆ ಮಾಡುವ ಸಾರು ಸೇರುವುದಿಲ್ಲವಂತೆ.